ಹನ್ನೊಂದು ಒಪ್ಪಿಗೆ, ಒಂದು ಆಕ್ಷೇಪ

2005ರಲ್ಲಿ ನಾನು ಪುಣೆಯ ಔಂಧ್‌ನಲ್ಲಿದ್ದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಇನ್ನೂ ಪ್ರೊಬೇಷನ್ ಅವಧಿ. ಕೆಲಸ ಕಾಯಂ ಆಗಿರಲಿಲ್ಲ. ಓದಿದ್ದು ವಿಜಾಪುರದಲ್ಲಿ. ಕಾಲೇಜಿನಲ್ಲಿ ನಾನು ತರಗತಿಗಿಂತ ಹೆಚ್ಚು ಕಲಿತದ್ದು ಚರ್ಚಾಸ್ಪರ್ಧೆಯ ವೇದಿಕೆಯಲ್ಲಿ. ಯಾರು ಹೇಳಿದರು ಎಂಬುದನ್ನು ಬದಿಗಿಟ್ಟು ಏನು ಹೇಳಿದರು ಎಂಬುದನ್ನಷ್ಟೇ ತೂಗುವ ಚಟ ಅಲ್ಲಿ ಅಂಟಿಕೊಂಡಿತು. ನೌಕರಿಗೆ ಇದು ಒಳ್ಳೆಯ ಚಟವಲ್ಲ ಎಂದು ಬೇಗ ಗೊತ್ತಾಯಿತು. ಬಿಡಲು ಮಾತ್ರ ಆಗಲಿಲ್ಲ, ಬಿಡಬೇಕೆಂದು ಅನ್ನಿಸಲೂ ಇಲ್ಲ.

ನಮ್ಮ ಮ್ಯಾನೇಜರ್ ದೇಸಾಯಿ ಸರ್ ಮುಧೋಳದವರು. ಸಂದರ್ಶನ ಮುಗಿಸಿ ನಕ್ಕು ಹೇಳಿದ್ದರು: “ಬಾಯಿ ಭಾಳ ಜೋರ ಅದ ತಂಗಿ ನಿಂದು. ಇರ್ಲಿ, ಕ್ಲೈಂಟ್ ಮುಂದ ಉಪಯೋಗಕ್ಕ ಬರ್ತದ.” ಆ ಬಾಯಿ ತಮ್ಮ ಮುಂದೆಯೂ ಅಷ್ಟೇ ಜೋರಾಗಿರುತ್ತದೆ ಎಂದು ಅವರು ಎಣಿಸಿರಲಿಲ್ಲ.

ನಮ್ಮ ದೊಡ್ಡ ಗಿರಾಕಿ ಪುಣೆ ಹತ್ತಿರದ ಚಾಕಣದ ಒಂದು ಕಾರ್ಖಾನೆ. ವಾಹನಗಳ ಬ್ರೇಕಿನ ಬಿಡಿಭಾಗ ಮಾಡುತ್ತಿದ್ದರು. ಪ್ರತಿ ಭಾಗವನ್ನೂ ಯಂತ್ರ ಅಳೆಯುತ್ತಿತ್ತು, ಅಳತೆ ಕಂಪ್ಯೂಟರಿಗೆ ಹೋಗುತ್ತಿತ್ತು, ಪರದೆಯ ಮೇಲೆ ‘ಉಳಿಸಲಾಗಿದೆ’ ಎಂದು ಬಂದ ಮೇಲೆ ಆ ಭಾಗ ಪೆಟ್ಟಿಗೆಗೆ. ಅಳತೆ ಸರಿಯಿಲ್ಲದ ಭಾಗಗಳನ್ನು ಸಂಜೆ ಈ ದಾಖಲೆ ನೋಡಿಯೇ ಹೆಕ್ಕಿ ಹೊರಗಿಡುತ್ತಿದ್ದರು. ಅಳತೆಗಳನ್ನು ಕೂಡಿಡುವ ಪ್ರೋಗ್ರಾಮ್ ನಾವು ಬರೆದದ್ದಲ್ಲ. ಅದು ಓಪನ್ ಸೋರ್ಸ್: ಅದರ ಕೋಡ್ ಜಗತ್ತಿಗೆಲ್ಲ ತೆರೆದಿರುತ್ತದೆ, ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ತಿದ್ದುಪಡಿಗೆ ಪ್ಯಾಚ್ ಎನ್ನುತ್ತಾರೆ.

ಈ ಯೋಜನೆಗೆ ಕಟ್ಟಡವಿಲ್ಲ, ಕ್ಯಾಬಿನ್ ಇಲ್ಲ. ಇದ್ದದ್ದು ಒಂದು ಮೇಲಿಂಗ್ ಲಿಸ್ಟ್. ಒಂದೇ ವಿಳಾಸ, ಅಲ್ಲಿಗೆ ಬರೆದ ಇ-ಮೇಲ್ ಸದಸ್ಯರೆಲ್ಲರ ಇನ್‌ಬಾಕ್ಸಿಗೂ ಹೋಗಿ ಬೀಳುತ್ತದೆ, ಜೊತೆಗೆ ಎಲ್ಲರೂ ಓದಬಹುದಾದ ಸಂಗ್ರಹದಲ್ಲಿ ಉಳಿಯುತ್ತದೆ. ಕಳಿಸಿದ ಮೇಲೆ ವಾಪಸ್ ಕರೆಯುವಂತಿಲ್ಲ. ಪ್ಯಾಚ್ ಬಂದರೆ ಒಂದು ವಾರ ಎಲ್ಲರ ಮುಂದಿರುತ್ತದೆ. ಯಾರೂ ಆಕ್ಷೇಪಿಸದಿದ್ದರೆ ಒಳಗೆ ಸೇರುತ್ತದೆ. ಒಬ್ಬರೇ ಒಬ್ಬರು ಕಾರಣ ಸಮೇತ ಆಕ್ಷೇಪಿಸಿದರೂ, ಆ ಕಾರಣಕ್ಕೆ ಉತ್ತರ ಸಿಗುವವರೆಗೆ ನಿಲ್ಲುತ್ತದೆ. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಪೋಲೆಂಡಿನ ಮಾರ್ತಾ ಎಂಬಾಕೆ. ಮುಖ ನೋಡಿಲ್ಲ, ದನಿ ಕೇಳಿಲ್ಲ. ಅವಳ ಮೇಲ್‌ಗಳು ಎರಡು ಸಾಲು ದಾಟುತ್ತಿರಲಿಲ್ಲ.

ಚಾಕಣದವರಿಗೆ ಪ್ರೋಗ್ರಾಮ್ ನಿಧಾನ ಎಂಬ ತಕರಾರಿತ್ತು. ನಿಧಾನಕ್ಕೆ ಕಾರಣವಿತ್ತು: ಅಳತೆ ಡಿಸ್ಕಿನ ಮೇಲೆ ನಿಜವಾಗಿ ಬರೆದಾದ ಮೇಲಷ್ಟೇ ಅದು ‘ಉಳಿಸಲಾಗಿದೆ’ ಎನ್ನುತ್ತಿತ್ತು. ದೇಸಾಯಿ ಸರ್ ಹೇಳಿದಂತೆ ನನ್ನ ಸಹೋದ್ಯೋಗಿ ಸ್ನೇಹಲ್ ಒಂದು ಪ್ಯಾಚ್ ಬರೆದಳು. ಅಳತೆ ಇನ್ನೂ ಮೆಮೊರಿಯಲ್ಲಿರುವಾಗಲೇ ‘ಉಳಿಸಲಾಗಿದೆ’ ಎಂದುಬಿಡುವುದು, ಡಿಸ್ಕಿಗೆ ಆಮೇಲೆ ನಿಧಾನವಾಗಿ ಬರೆಯುವುದು. ಡೆಮೊದಲ್ಲಿ ಪ್ರೋಗ್ರಾಮ್ ಹಾರಿತು. ಆದರೆ ನಡುವೆ ಕರೆಂಟ್ ಹೋದರೆ? ಮೆಮೊರಿಯಲ್ಲಿದ್ದದ್ದು ಮಾಯ. ಬ್ರೇಕಿನ ಭಾಗ ಪೆಟ್ಟಿಗೆಯಲ್ಲಿ, ಅಳತೆ ಎಲ್ಲೂ ಇಲ್ಲ.

ಆ ವರ್ಷ ಪುಣೆಯಲ್ಲಿದ್ದವರಿಗೆ ಲೋಡ್ ಶೆಡ್ಡಿಂಗ್ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ನಾನು ನೇರ ಕ್ಯಾಬಿನ್ನಿಗೆ ಹೋದೆ.

“ಸರ್, ಕರೆಂಟ್ ಹೋದ್ರ ಡೇಟಾ ಹೋಗ್ತದರಿ.”

“ಯುಪಿಎಸ್ ಅದಲ್ಲ?”

“ನಾ ಚಾಕಣಕ್ಕ ಹೋದಾಗ ನೋಡೀನ್ರಿ. ಬ್ಯಾಟರಿ ಸತ್ತಾವ. ಕೀಂ ಅಂತದ, ಬಂದ್ ಆಗ್ತದ.”

“ಅದು ಅವರ ಬ್ಯಾಟರಿ, ಅವರ ಹಣೇಬಾರ. ನೀ ನಿನ್ನ ಕೆಲಸ ನೋಡು.”

ಪ್ಯಾಚ್ ನಮ್ಮಲ್ಲೇ ಉಳಿದಿದ್ದರೆ ಕೇಡು ಚಾಕಣಕ್ಕಷ್ಟೇ ಸೀಮಿತವಾಗುತ್ತಿತ್ತೇನೋ. ಸರ್‌ಗೆ ಅದು ಮೂಲ ಯೋಜನೆಗೇ ಸೇರಬೇಕಿತ್ತು. ಸೇರದಿದ್ದರೆ ಪ್ರತಿ ಹೊಸ ಆವೃತ್ತಿ ಬಂದಾಗಲೂ ನಾವೇ ಹೊಲಿಗೆ ಹಾಕುತ್ತ ಕೂರಬೇಕು. ಸೇರಿದರೆ ‘ನಮ್ಮ ಪುಣೆ ಟೀಮಿನ ಕೆಲಸ ಜಗತ್ತಿಗೆಲ್ಲ ಹೋಯಿತು’ ಎಂದು ಮೇಲಿನವರಿಗೆ ತೋರಿಸಬಹುದು. ಪ್ಯಾಚ್ ಲಿಸ್ಟಿಗೆ ಹೋಯಿತು.

ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಟೀಮಿನಲ್ಲಿ ಯಾರನ್ನು ಕೇಳಿದರೂ ನನ್ನ ಮಾತೇ ಸರಿ. ಸ್ನೇಹಲ್ ಕೂಡ ತಲೆಯಾಡಿಸಿದಳು: “ತುಝಂ ಬರೋಬರ ಆಹೇ. ಪಣ ಮಾಝಂ ನಾವ್ ಘೇಊ ನಕೋಸ್.” ನೀನು ಹೇಳುವುದು ಸರಿ, ಆದರೆ ನನ್ನ ಹೆಸರೆತ್ತಬೇಡ. ಸಾಹೇಬರ ವಿರುದ್ಧ ನಾಲ್ಕು ಜನರ ಎದುರು ಮಾತಾಡುವುದು ನಮ್ಮಲ್ಲಿ ಮರ್ಯಾದೆಗೆಟ್ಟ ಕೆಲಸ. ಭಿನ್ನಾಭಿಪ್ರಾಯವನ್ನು ಕಿವಿಯಲ್ಲಿ ಹೇಳಬೇಕು. ಮಾರ್ತಾಳಿಗೆ ಈ ರಿವಾಜು ಗೊತ್ತಿರಲಿಲ್ಲ. ಲಿಸ್ಟಿನಲ್ಲಿ ಯಾರೂ ಮಾತಾಡದಿದ್ದರೆ ಯಾರಿಗೂ ತೊಂದರೆಯಿಲ್ಲ ಎಂದೇ ಅವಳು ತಿಳಿಯುತ್ತಿದ್ದಳು. ತಿಳಿಯಬೇಕಾದದ್ದೂ ಹಾಗೆಯೇ.

ಅವಳು ಒಂದು ಪ್ರಶ್ನೆ ಕೇಳಿದಳು: ಕರೆಂಟ್ ಹೋದರೆ ಏನಾಗುತ್ತದೆ?

ಇದಕ್ಕೆ ನಮ್ಮ ಕಚೇರಿ ಕೊಟ್ಟ ಉತ್ತರವನ್ನು ನೆನೆದರೆ ಈಗಲೂ ನಗು ಬರುತ್ತದೆ. ಸಹಮತವಿದ್ದವರು ಲಿಸ್ಟಿನಲ್ಲಿ ‘+1’ ಎಂದು ಬರೆಯುವ ಪದ್ಧತಿಯನ್ನು ದೇಸಾಯಿ ಸರ್ ಎಲ್ಲೋ ಕಂಡಿದ್ದರು. ಚುನಾವಣೆ ಎಂದುಕೊಂಡರು. ಡೆಸ್ಕಿನಿಂದ ಡೆಸ್ಕಿಗೆ ಹೋಗಿ, “ಏ, ಎಲ್ಲಾರೂ ಪ್ಲಸ್ ಒನ್ ಹಾಕ್ರಿ” ಎಂದರು. ಹನ್ನೊಂದು ಜನ ಹಾಕಿದರು. ಒಂದೇ ಕಂಪನಿಯ ವಿಳಾಸ, ಒಂದರ ಬೆನ್ನಿಗೊಂದು, ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ. ಒಬ್ಬ ಗಡಿಬಿಡಿಯಲ್ಲಿ ‘+1 ಸರ್’ ಎಂದೇ ಬರೆದಿದ್ದ.

ಮಾರ್ತಾಳ ಉತ್ತರ ಬಂತು: ಹನ್ನೊಂದು ಜನರಿಗೂ ನಮಸ್ಕಾರ. ನಾನು ಕೇಳಿದ್ದು ಬೇರೆ.

ಆಗ ಸರ್ ತಾವೇ ಬರೆದರು: ನಮ್ಮ ಗಿರಾಕಿಗಳೆಲ್ಲರಲ್ಲೂ ಪವರ್ ಬ್ಯಾಕಪ್ ಇದೆ, ಸಮಸ್ಯೆಯಿಲ್ಲ. ಇದು ಸುಳ್ಳು. ಅಭಿಪ್ರಾಯವಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ನಾನು ಕಣ್ಣಾರೆ ಕಂಡದ್ದಕ್ಕೆ ವಿರುದ್ಧವಾದ ಮಾತು ಎಲ್ಲರೆದುರು ನಿಜವೆಂದು ನಿಂತಿತ್ತು, ಸತ್ಯ ಗೊತ್ತಿದ್ದ ಹನ್ನೊಂದು ಜನ ಆಗಲೇ ಪ್ಯಾಚಿಗೆ ಕೈ ಎತ್ತಿಯಾಗಿತ್ತು. ನಾನು ಅದೇ ಕಚೇರಿಯ ವಿಳಾಸದಿಂದ ಬರೆದೆ: ಆಕ್ಷೇಪವಿದೆ. ನಾನು ಕಂಡ ಗಿರಾಕಿಯಲ್ಲಿ ಬ್ಯಾಕಪ್ ಕೆಲಸ ಮಾಡುತ್ತಿಲ್ಲ. ಈ ಪ್ಯಾಚ್ ಸೇರಿದರೆ ಪ್ರೋಗ್ರಾಮ್ ಬರೆಯದ್ದನ್ನು ಬರೆದೆ ಎನ್ನುತ್ತದೆ. ಸಂಶಯವಿದ್ದವರು ಪ್ಲಗ್ ಕಿತ್ತು ನೋಡಿ.

ಪ್ಯಾಚ್ ನಿಂತಿತು. ನನಗೆ ಕ್ಯಾಬಿನ್ನಿನಿಂದ ಕರೆ ಬಂತು.

“ಮನಿ ಮಾತು ಬಜಾರಕ್ಕ ಯಾಕ ಒಯ್ದಿ?” ಸರ್ ಮುಖ ಕೆಂಪಾಗಿತ್ತು. “ಆ ಮೇಲ್ ಡಿಲೀಟ್ ಮಾಡ್ಸು.”

“ಆಗೂದಿಲ್ರಿ. ಎಲ್ಲಾರ ಇನ್‌ಬಾಕ್ಸಿಗೂ ಹೋಗೇದ.”

“ಹಂಗಾದ್ರ ಆಕ್ಷೇಪ ವಾಪಸ್ ತಗೊಂಡೀನಿ ಅಂತ ಬರಿ. ಇಲ್ಲಂದ್ರ ನಿನ್ನ ಕನ್ಫರ್ಮೇಷನ್ ಮರತುಬಿಡು.”

“ಏನ್ ಕಾರಣ ಬರೀಲಿ ಸರ್?”

“ಕಾರಣ? ನಾ ಹೇಳೀನಿ, ಅದ ಕಾರಣ!”

ಡೆಸ್ಕಿಗೆ ಬಂದು ಬರೆದೆ. ‘ಆಕ್ಷೇಪ ಹಿಂಪಡೆಯಲು ನನಗೆ ಹೇಳಲಾಗಿದೆ. ಕಾರಣ ಕೊಟ್ಟಿಲ್ಲ. ಕಾರಣ ಸಿಕ್ಕ ದಿನ ಎಲ್ಲರೆದುರು ಹಿಂಪಡೆಯುತ್ತೇನೆ.’ ಉಳಿದದ್ದು ಕಳಿಸುವ ಗುಂಡಿ ಒತ್ತುವುದು. ವಾಕಡದ ಬಾಡಿಗೆ ಕೋಣೆ, ಊರಲ್ಲಿ ‘ಮಗಳು ಪುಣೆದಾಗ ಎಂಜಿನಿಯರ್’ ಎಂದು ಹೇಳಿಕೊಂಡು ಬಂದ ಅಪ್ಪ, ಎಲ್ಲವೂ ತಲೆಯಲ್ಲಿತ್ತು. ಒತ್ತಿದೆ.

ಸರ್‌ಗೆ ಇನ್ನೊಂದೇ ದಾರಿ ಉಳಿದಿತ್ತು. ಪ್ಯಾಚ್ ಬರೆದವಳೇ ‘ಪರೀಕ್ಷಿಸಿದ್ದೇನೆ, ನಷ್ಟವಿಲ್ಲ’ ಎಂದು ಲಿಸ್ಟಿಗೆ ಬರೆದರೆ ನನ್ನ ಕಾರಣಕ್ಕೆ ಉತ್ತರ ಸಿಕ್ಕಂತಾಗುತ್ತಿತ್ತು. ಸ್ನೇಹಲ್‌ಳ ಹಿಂದೆ ನಿಂತು ಹಾಗೇ ಬರೆಯಲು ಹೇಳಿದರು. ಇಡೀ ಹಾಲ್ ಕೀಬೋರ್ಡ್ ಬಿಟ್ಟು ಕಿವಿಯಾಯಿತು. ಅವಳು ಎರಡು ಅಕ್ಷರ ಹೊಡೆದಳು, ಅಳಿಸಿದಳು. ಆಮೇಲೆ ಎದ್ದು, “ಸರ್, ಆಧೀ ಬಘೂ ಯಾ” ಎಂದಳು. ಮೊದಲು ನೋಡೋಣ.

ಟೆಸ್ಟ್ ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಓಡಿಸಿದಳು. ‘ಉಳಿಸಲಾಗಿದೆ’ ಎಂಬ ಸಾಲುಗಳು ಮೇಲಕ್ಕೆ ಸರಿಯುತ್ತಿದ್ದಾಗಲೇ ಬಗ್ಗಿ ಪ್ಲಗ್ ಕಿತ್ತಳು. ಮತ್ತೆ ಚಾಲೂ ಮಾಡಿ ಡಿಸ್ಕ್ ತೆರೆದು ನೋಡಿದರೆ ಕೊನೆಯ ಸಾಲುಗಳಿಲ್ಲ.

“ಇನ್ನೊಮ್ಮೆ,” ಎಂದರು ಸರ್.

ಇನ್ನೊಮ್ಮೆ ಕಿತ್ತಳು. ಈ ಸಲ ಹೋದದ್ದು ಇನ್ನೂ ಹೆಚ್ಚು. ಸರ್ ಕ್ಯಾಬಿನ್ನಿಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ನೇಹಲ್ ಕೂತು, ಕಂಡದ್ದನ್ನು ಕಂಡ ಹಾಗೆ, ತನ್ನ ಹೆಸರಿನಲ್ಲೇ ಲಿಸ್ಟಿಗೆ ಬರೆದಳು. ಈ ವೇಗ ಬೇಕಾದವರು ತಿಳಿದೇ ಆರಿಸಿಕೊಳ್ಳಲಿ, ತಾನಾಗಿ ಚಾಲೂ ಆಗುವುದು ಬೇಡ ಎಂದು ಪ್ಯಾಚನ್ನೂ ತಿದ್ದಿದಳು. ಹಾಗೆಯೇ ಅದು ಯೋಜನೆಗೆ ಸೇರಿತು. ಚಾಕಣದಲ್ಲಿ ಅದನ್ನು ಚಾಲೂ ಮಾಡಲಿಲ್ಲ, ಅವರ ಯುಪಿಎಸ್‌ಗೆ ಹೊಸ ಬ್ಯಾಟರಿ ಬಂದವು.

ನನ್ನ ನೌಕರಿ ಕಾಯಂ ಆಗಲಿಲ್ಲ. ‘ತಂಡದೊಂದಿಗೆ ಹೊಂದಾಣಿಕೆಯ ಕೊರತೆ’ ಎಂದು ಪತ್ರದಲ್ಲಿತ್ತು. ಕೊನೆಯ ದಿನ ಸರ್ ಕರೆದು ಚಹಾ ತರಿಸಿದರು. ಕೆಟ್ಟ ಮನುಷ್ಯರಲ್ಲ ಅವರು. “ನೀ ಹೇಳಿದ್ದು ಖರೇ ಇತ್ತು ತಂಗಿ,” ಎಂದರು. “ಹೇಳಿದ ಜಾಗಾ ತಪ್ಪಿತ್ತು.”

“ನೀವು ಹೇಳೂ ಜಾಗಾದಾಗೂ ಹೇಳಿದ್ನಲ್ರಿ ಸರ್, ಇದ ಕುರ್ಚಿ ಮುಂದ ನಿಂತು,” ಎಂದೆ. “ಅಲ್ಲಿ ಕೇಳಿಸಲಿಲ್ಲ.”

ಅವರು ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿದರು.

ಸ್ವಲ್ಪ ನಯವಾಗಿ, ಖಾಸಗಿಯಾಗಿ ಹೇಳಬಹುದಿತ್ತು ಎಂದು ನನಗೆ ಬುದ್ಧಿ ಹೇಳುವವರು ಇಂದಿಗೂ ಇದ್ದಾರೆ. ಅವರಿಗೆ ನನ್ನದೊಂದು ಪ್ರಶ್ನೆ: ಆ ವಾರ ಖಾಸಗಿಯಾಗಿ ನನ್ನ ಮಾತು ಒಪ್ಪದವರು ಯಾರಿದ್ದರು? ಕ್ಯಾಬಿನ್ನಿನ ಹೊರಗೆ ಎಲ್ಲರೂ ಒಪ್ಪಿದ್ದರು, ಆದರೂ ಪ್ಯಾಚ್ ಒಳಗೆ ಹೋಗುವುದರಲ್ಲಿತ್ತು. ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಮೌನವನ್ನು ಒಪ್ಪಿಗೆ ಎಂದು ಎಣಿಸುವ ಕಡೆ ಸುಮ್ಮನೆ ಕೂತವರೂ ಮತ ಹಾಕಿರುತ್ತಾರೆ. ಎಲ್ಲ ಮುಗಿದ ಮೇಲೆ ‘ನನಗೂ ಹಾಗೇ ಅನ್ನಿಸಿತ್ತು’ ಎನ್ನುವ ಹಕ್ಕು ಅವರಿಗಿಲ್ಲ. ಆ ಹಕ್ಕನ್ನು ನಾನು ಒಂದು ನೌಕರಿ ಕೊಟ್ಟು ಕೊಂಡಿದ್ದೇನೆ. ಸೋವಿಯಲ್ಲೇ ಸಿಕ್ಕಿತು.