ಆರು ತುಂಡಿನ ರಿಕನ್ಸಿಲಿಯೇಷನ್

ಬ್ಯಾಂಕಿನ ವರ್ಗಾವಣೆಯ ಮೇಲೆ ಧಾರವಾಡದಿಂದ ವಿಜಯವಾಡಕ್ಕೆ ಬಂದು ಭವಾನಿಪುರಂನಲ್ಲಿ ಮನೆ ಮಾಡಿದ ಮರುವರ್ಷ ನನಗೆ ಸಣ್ಣದೊಂದು ಪಾರ್ಶ್ವವಾಯು ಬಡಿಯಿತು. ಕೈಕಾಲು ಬೇಗ ಸುಧಾರಿಸಿದವು, ಬಾಯಿ ಮಾತ್ರ ತುಸು ಸೊಟ್ಟಗೇ ಉಳಿಯಿತು, ನಾಲಿಗೆ ಹಿಡಿತಕ್ಕೆ ಬರಲಿಲ್ಲ. ಹೇಳಬೇಕಾದ್ದು ತಲೆಯಲ್ಲಿ ಸ್ಪಷ್ಟವಾಗಿರುತ್ತಿತ್ತು. ಬಾಯಿಂದ ಹೊರಬರುವಾಗ ಮುದ್ದೆಯಾಗುತ್ತಿತ್ತು.

ಮಾತಿನ ತರಬೇತಿ ಕೊಡುತ್ತಿದ್ದ ತೆಲುಗು ಹೆಣ್ಣುಮಗಳು ಮೊದಲ ದಿನವೇ, ಆಫೀಸಿನಲ್ಲಿ ತಪ್ಪಿಸಲಾಗದ ಮಾತು ಯಾವುದೆಂದು ಕೇಳಿದರು. ಬರೆದು ತೋರಿಸಿದೆ: ರಿಕನ್ಸಿಲಿಯೇಷನ್. ಒನ್ ಟೌನ್ ಎಂಬ ಹಳೆ ಪೇಟೆಯ ಶಾಖೆಯಲ್ಲಿ ನನ್ನ ಕೆಲಸವೇ ಅದು, ನಮ್ಮ ಲೆಕ್ಕವನ್ನೂ ಬೇರೆ ಶಾಖೆಗಳ ಲೆಕ್ಕವನ್ನೂ ತಾಳೆ ನೋಡುವುದು. ಅವರು ಅದನ್ನು ಆರು ತುಂಡು ಮಾಡಿ, ತುಂಡಿಗೊಮ್ಮೆ ಬೆರಳಿನಿಂದ ಮೇಜು ತಟ್ಟಿಸಿದರು. "ನೆಮ್ಮದಿಗಾ ಚೆಪ್ಪಂಡಿ." ತೆಲುಗಿನಲ್ಲಿ ಅದಕ್ಕೆ ನಿಧಾನವಾಗಿ ಹೇಳಿ ಎಂದಷ್ಟೇ ಅರ್ಥ. ನನ್ನ ಕಿವಿಗೆ ನೆಮ್ಮದಿ ಎಂದೇ ಬೀಳುತ್ತಿತ್ತು.

ಸಂಜೆ ಮನೆಯಲ್ಲಿ ಮೇಜು ತಟ್ಟುತ್ತ ಕೂರುತ್ತಿದ್ದೆ. ರಿ, ಕನ್, ಸಿ. ಅದರಾಚೆಯ ಲಿ ನಾಲಿಗೆಗೆ ಸಿಗುತ್ತಿರಲಿಲ್ಲ. ಒಂದು ದಿನ ಹೆಂಡತಿಗೆ ತಡೆಯಲಾಗಲಿಲ್ಲ. "ಇಷ್ಟುದ್ದದ್ದು ಯಾಕ ಬೇಕ್ರಿ? ಲೆಕ್ಕ ಹೊಂದಸೂದು ಅನ್ರಿ, ಸಾಕು."

"ಅಲ್ಲೆ ಯಾರಿಗೆ ತಿಳೀತದ?" ಎಂದೆ. ಅಷ್ಟು ಹೇಳುವಷ್ಟರಲ್ಲಿ ಬೆವರಿದ್ದೆ.

ಎಂಟನೇ ತರಗತಿಯ ಮಗಳು ಪಕ್ಕಕ್ಕೆ ಬಂದು ಕೂತಳು. ಇಲ್ಲಿಗೆ ಬಂದ ಮೇಲೆ ಅವಳ ಕನ್ನಡದಲ್ಲಿ ಶಾಲೆಯ ತೆಲುಗು ನುಸುಳತೊಡಗಿತ್ತು. "ಅಪ್ಪಾ, ಅರ್ಥ ನೋಡಿ ತುಂಡು ಮಾಡು. ರಿ ಅಂದ್ರ ಮಳ್ಳೀ... ಅಂದ್ರ, ಮತ್ತ. ಕೊನಿಗೆ ಇರೋ ಏಷನ್, ಅಪ್ಲಿಕೇಷನ್‌ದಾಗ ಇರೋದ. ನಡುವಿಂದು ಕೌನ್ಸಿಲ್‌ನ ಸಂಬಂಧಿ, ಎಲ್ಲಾರ್ನೂ ಕೂಡಸೂದು ಅಂತ ನಮ್ಮ ಮಿಸ್ ಹೇಳ್ಯಾರ."

ಮತ್ತೆ ಕೂಡಿಸುವುದು. ಇಷ್ಟು ವರ್ಷ ದಿನವೂ ಆಡಿದ ಶಬ್ದದ ಒಳಗೆ ನಾನು ಇಣುಕಿಯೇ ಇರಲಿಲ್ಲ. ಅವಳು ಬಾಲದಿಂದ ಶುರು ಮಾಡಿಸಿದಳು. ಏಷನ್ ಬಂತು. ಅದಕ್ಕೆ ಲಿ ಅಂಟಿಸಿದೆವು, ಆಮೇಲೆ ಸಿ. ಹೆಂಡತಿಯೂ ಒಲೆಯ ಬಳಿಯಿಂದ ಸೌಟಿನಲ್ಲಿ ಪಾತ್ರೆ ತಟ್ಟುತ್ತ ಜೊತೆಗೂಡಿದಳು. ಮಗಳು ಬಿದ್ದು ಬಿದ್ದು ನಕ್ಕಳು. ನನಗೂ ನಗು ಬಂತು, ಸೊಟ್ಟ ಬಾಯಿಯ ಚಿಂತೆಯಿಲ್ಲದೆ.

ಕಾಯಿಲೆಯ ರಜೆ ಮುಗಿಸಿ ಕೆಲಸಕ್ಕೆ ಮರಳಿದ ವಾರವೇ ಕೊಂಡಪಲ್ಲಿಯ ಶಾಖೆಗೆ ಫೋನ್ ಮಾಡಬೇಕಾಯಿತು. "ಯಾವ ಸ್ಟೇಟ್‌ಮೆಂಟ್ ಸಾರ್?" ಎಂದು ಆ ಕಡೆಯ ಗುಮಾಸ್ತ ಕೇಳಿದ. ಮೊಣಕಾಲ ಮೇಲೆ ಬೆರಳು ತಟ್ಟುತ್ತ ಹೇಳಿದೆ, "ರಿಕನ್... ಸಿಲಿಯೇಷನ್."

"ಸರೇ ಸಾರ್, ಪಂಪಿಸ್ತಾನು," ಕಳಿಸುತ್ತೇನೆಂದು ಹೇಳಿ ಫೋನ್ ಇಟ್ಟ. ಅವನಿಗೆ ಏನೂ ವಿಶೇಷ ಅನ್ನಿಸಲಿಲ್ಲ. ನಾನು ಮುಂದಿನ ಶಾಖೆಯ ನಂಬರ್ ಒತ್ತಿದೆ.

ಈಗಲೂ ದಣಿವಾದ ದಿನ ಲಿ ಜಾರಿಹೋಗುತ್ತದೆ. ನಿಲ್ಲಿಸಿ ಇನ್ನೊಮ್ಮೆ ಹೇಳುತ್ತೇನೆ. ಪಕ್ಕದ ಮೇಜಿನವರು ತಲೆ ಎತ್ತುವುದಿಲ್ಲ.