ಎಡಗೈ ಮಾವ, ಬಲಗೈ ದೊಡ್ಡಮ್ಮ

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಗಡಿಯಾರ ನೋಡಿದ್ದು ಚೆನ್ನಾಗಿ ನೆನಪಿದೆ, ಏಕೆಂದರೆ ಅದು ಭಾನುವಾರ, ಮೂರೂವರೆಗೆ ನಮ್ಮೂರು ಹೆಗ್ಗರಣೆಯಿಂದ ಅಮ್ಮ ಫೋನ್ ಮಾಡುವುದಿತ್ತು. ಹಿತ್ತಲಿನಿಂದ ತೆಂಗಿನ ಕರಟ ಸುಡುವ ವಾಸನೆ ಬಂತು, ಅದರ ಹಿಂದೆಯೇ ಹಸಿ ಲಕ್ಕಿಸೊಪ್ಪಿನ ಖಾರವಾದ ಹೊಗೆ. ಈಗಲೂ ಹುಬ್ಬಳ್ಳಿಗೆ ಹೋಗುವಾಗ ಕಿರವತ್ತಿಯ ಢಾಬಾದ ಎದುರು ಬಸ್ಸು ನಿಂತು, ಒಲೆಯ ಹೊಗೆ ಕಿಟಕಿಯಿಂದ ಒಳಗೆ ಬಂದರೆ ನಾನು ಗಾಜು ಎಳೆದುಬಿಡುತ್ತೇನೆ. ಪಕ್ಕದಲ್ಲಿ ಕೂತವರು ಸೆಕೆ ಎಂದು ಗೊಣಗುತ್ತಾರೆ. ಅವರಿಗೆ ಏನು ಹೇಳಲಿ? ಎಂ.ಎ. ಓದಿದ್ದೇನೆ, ಮಕ್ಕಳಿಗೆ ಪಾಠ ಮಾಡುತ್ತೇನೆ, ಹೊಗೆಗೂ ಆ ದಿನಕ್ಕೂ ಸಂಬಂಧವಿಲ್ಲವೆಂದು ನನಗೆ ನಾನೇ ನೂರು ಸಲ ಹೇಳಿಕೊಂಡಿದ್ದೇನೆ. ಆದರೂ ಕೈ ತಾನಾಗಿಯೇ ಕಿಟಕಿಗೆ ಹೋಗುತ್ತದೆ.

ಶಿರಸಿಯ ಆ ಬಾಡಿಗೆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಕಾರು ತೊಳೆಯುತ್ತಾರೆ. ಐದನೇ ಇಯತ್ತೆಗೆ ಅಮ್ಮ ನನ್ನನ್ನು ಅಲ್ಲಿ ಬಿಟ್ಟುಹೋದಾಗ ಅದರಲ್ಲಿ ಇದ್ದವರು ಇಬ್ಬರೇ, ಅಮ್ಮನ ಅಣ್ಣ ಸುಬ್ರಾಯ ಮಾವ ಮತ್ತು ಅಮ್ಮನ ಅಕ್ಕ ಯಮುನಾ ದೊಡ್ಡಮ್ಮ. ಇಬ್ಬರೂ ಮದುವೆಯಾದವರಲ್ಲ. ಮಾವ ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾಗಿದ್ದರು, ದೊಡ್ಡಮ್ಮ ನಮ್ಮದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಹೋದ ದಿನ ಸಂಜೆ ನಾನು ಚಾಪೆಯ ಮೇಲೆ ಅಳುತ್ತ ಮಲಗಿದ್ದೆ. ನಡುಮನೆಯಿಂದ ಏನೋ ಕೇಳಿಸಿತು. ಭಜನೆಯಲ್ಲ, ರೇಡಿಯೋ ಅಲ್ಲ, ಮೊದಲು ಕೇಳಿದ ಯಾವುದೂ ಅಲ್ಲ. ತೆಳ್ಳಗಿನ ದನಿಯೊಂದು ಮೆಟ್ಟಿಲು ಹತ್ತುತ್ತಿದ್ದರೆ ದಪ್ಪ ದನಿಯೊಂದು ಅದೇ ಮೆಟ್ಟಿಲನ್ನು ನಿಧಾನಕ್ಕೆ ಇಳಿಯುತ್ತಿತ್ತು. ನಡುವೆ ಎಲ್ಲೋ ಎರಡೂ ಎದುರಾಗಿ, ಒಂದಕ್ಕೊಂದು ದಾರಿ ಬಿಟ್ಟುಕೊಟ್ಟು ಮುಂದೆ ಹೋದವು. ಅಳು ನಿಲ್ಲಿಸಿ ಬಾಗಿಲ ಸಂದಿಯಿಂದ ನೋಡಿದೆ. ಎರಡು ಮರದ ಕುರ್ಚಿ, ಎರಡು ಗಿಟಾರು. ಮಾವ ಬನಿಯನ್ನಿನಲ್ಲಿದ್ದರು. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಗಾಲನ್ನು ಮಗುಚಿಟ್ಟ ಸೇರಿನ ಮೇಲೆ ಇಟ್ಟುಕೊಂಡಿದ್ದಳು.

ಯಲ್ಲಾಪುರದಲ್ಲಿ ಕೆಲಸದಲ್ಲಿದ್ದಾಗ ಜೊತೆಗಿದ್ದ ಕ್ರಿಶ್ಚಿಯನ್ ಗೆಳೆಯರೊಬ್ಬರು ಮಾವನಿಗೆ ಗಿಟಾರು ಕಲಿಸಿದ್ದರಂತೆ. ವರ್ಗವಾಗಿ ಹೋಗುವಾಗ ಒಂದು ಕಟ್ಟು ಹಳೆಯ ಸ್ವರಲಿಪಿಯ ಹಾಳೆಗಳನ್ನೂ ಕೊಟ್ಟರು. ಅವು ಗಿಟಾರಿನವಲ್ಲ, ಮುನ್ನೂರು ವರ್ಷದ ಹಿಂದೆ ಯುರೋಪಿನಲ್ಲಿ ಕೀಬೋರ್ಡಿಗೆ ಬರೆದವು. ಅದಕ್ಕೆ ಬರೋಕ್ ಎನ್ನುತ್ತಾರೆಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಒಬ್ಬನೇ ಮನುಷ್ಯ ಎರಡು ಕೈಯಿಂದ ನುಡಿಸಬೇಕಾದದ್ದನ್ನು ದೊಡ್ಡಮ್ಮ ಗಣಿತದ ತಾಳ್ಮೆಯಿಂದ ಬಿಡಿಸಿ, ಮೇಲಿನ ಸಾಲನ್ನು ತಾನು ಇಟ್ಟುಕೊಂಡು ಕೆಳಗಿನ ಸಾಲನ್ನು ಅಣ್ಣನಿಗೆ ಕೊಟ್ಟಿದ್ದಳು. ಹಾಗಾಗಿ ಆ ಮನೆಯಲ್ಲಿ ಅವಳು ಬಲಗೈ, ಮಾವ ಎಡಗೈ. ದಿನಾ ಸಂಜೆ ಅದೇ ಜಗಳ. "ಎಡಗೈ ಹಿಂದೆ ಬಿತ್ತು ನೋಡು!" ಎಂದು ದೊಡ್ಡಮ್ಮ ಪಾದದಿಂದ ನೆಲ ತಟ್ಟುತ್ತಿದ್ದಳು. "ಬಲಗೈಗೆ ಎಂತ ಅವಸರ? ಬಸ್ ತಪ್ಪಿಹೋಗ್ತನೆ ನಿಂಗೆ?" ಎಂದು ಮಾವ ಕೆಣಕುತ್ತಿದ್ದರು. ನಿಮ್ಮ ಬಾಲ್ಯದಲ್ಲೂ ಇಂಥ ಮನೆಯೊಂದು ಇದ್ದಿರಬಹುದು. ಹೊರಗಿನವರಿಗೆ ವಿಚಿತ್ರವಾಗಿ ಕಾಣುವುದು ಅಲ್ಲಿ ಅನ್ನ ಸಾರಿನಷ್ಟು ಸಹಜವಾಗಿರುತ್ತದೆ. ಎರಡು ಕೈ ಇಬ್ಬರದಾಗಿದ್ದರೂ ಮನುಷ್ಯ ಒಬ್ಬನೇ ಎಂದು ನಾನು ಎಷ್ಟೋ ದಿನ ನಂಬಿದ್ದೆ.

ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ಕಂಬಳಿ, ಪುಸ್ತಕ, ರೇಷ್ಮೆ ಸೀರೆ ಎಲ್ಲವನ್ನೂ ಅಗ್ಗಿಷ್ಟಿಕೆಯ ಕಾವಿಗೆ ಹಿಡಿದು ಬೂಷ್ಟು ಬಿಡಿಸುತ್ತಾರೆ. ಅಗ್ಗಿಷ್ಟಿಕೆಯೆಂದರೆ ಕೆಂಡ ತುಂಬಿದ ಮಣ್ಣಿನ ಪಾತ್ರೆ, ಅದರ ಮೇಲೆ ಬಿದಿರ ಬುಟ್ಟಿ ಕವುಚಿ ಬಟ್ಟೆ ಹರಡುತ್ತಾರೆ. ಮಾವ ಗಿಟಾರಿನ ಪೆಟ್ಟಿಗೆಗಳನ್ನೂ ಹಾಗೆಯೇ ಒಣಗಿಸುತ್ತಿದ್ದರು. ಒಳಗಿನ ಮಖಮಲ್ಲಿನಲ್ಲಿ ಹುಳ ಸೇರದಿರಲಿ ಎಂದು ಆ ವರ್ಷ ಒಂದು ಹಿಡಿ ಹಸಿ ಲಕ್ಕಿಸೊಪ್ಪನ್ನೂ ಹಾಕಿದರು. ಬೇರೆ ಯಾವ ಊರಿನ ಗಿಟಾರು ನುಡಿಸುವವನಿಗೂ ಇದು ಹೊಳೆಯುತ್ತಿರಲಿಲ್ಲ. ಹಿತ್ತಲಿನ ಬೇಲಿಯಾಚೆ ದೊಡ್ಡ ಬೂರುಗದ ಮರವಿತ್ತು. ಅದರ ಕೊಂಬೆಗಳಲ್ಲಿ ಆ ವಾರವಷ್ಟೇ ಹೆಜ್ಜೇನು ಬಂದು ಮೊರದಗಲದ ಏಳೆಂಟು ಗೂಡು ಕಟ್ಟಿದ್ದವು. ನಾವು ಮೂವರೂ ಅವನ್ನು ನೋಡಿದ್ದೆವು, ಚಂದ ಇದೆ ಎಂದೂ ಅಂದಿದ್ದೆವು. ಗಾಳಿ ತಿರುಗಿ ಹೊಗೆಯೆಲ್ಲ ಮರದತ್ತ ಹೋಯಿತು.

ಮೊದಲು ಕೇಳಿದ್ದು ಗುಂಯ್ ಎಂಬ ಸದ್ದು. ಮಾವನ ದಪ್ಪ ತಂತಿಯನ್ನು ಯಾರೋ ಮೀಟಿ ಬಿಟ್ಟಂತೆ ಇತ್ತು, ಆದರೆ ನಿಲ್ಲಲಿಲ್ಲ. ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಮಾವ ಹಿತ್ತಲಂಗಳದ ನಡುವಿನಿಂದ ತಲೆಯ ಮೇಲೆ ಕೈ ಬೀಸುತ್ತ ನನ್ನ ಕಡೆಗೇ ಓಡಿ ಬರುತ್ತಿದ್ದರು, ಅವರ ಹಿಂದಿನ ಗಾಳಿ ಕಪ್ಪಾಗಿತ್ತು. "ಬಾಗ್ಲು ಹಾಕೆ ಕೂಸೆ! ಬಾಗ್ಲು ಹಾಕು!" ಎಂದು ಕೂಗಿದರು. ನಾನು ಹಾಕಿದೆ. ಅಗಣಿಯನ್ನೂ ಹಾಕಿದೆ. ಅವರಿಗೂ ಬಾಗಿಲಿಗೂ ನಡುವೆ ಎಷ್ಟು ಹೆಜ್ಜೆ ಉಳಿದಿತ್ತು? ಕೆಲವು ದಿನ ಆರು ಎನ್ನಿಸುತ್ತದೆ, ಕೆಲವು ದಿನ ಮೂರೇ. ಪಾಠ ಮಾಡುತ್ತ ಬೋರ್ಡಿನ ಕಡೆ ತಿರುಗಿದಾಗಲೂ ಆ ಹೆಜ್ಜೆ ಎಣಿಸುತ್ತೇನೆ. ಹೊರಗೆ ಇನ್ನೊಂದು ಬಾಗಿಲು ಬಡಿದ ಸದ್ದಾಯಿತು. ಮಾವ ತಿರುಗಿ ಅಂಗಳದಾಚೆಯ ಬಚ್ಚಲಮನೆಗೆ ನುಗ್ಗಿದ್ದರು.

ದೊಡ್ಡಮ್ಮ ನನ್ನನ್ನು ಎಳೆದುಕೊಂಡು ಹಿತ್ತಲ ಬದಿಯ ಕೋಣೆ ಸೇರಿದಳು. ಕಿಟಕಿ ಮುಚ್ಚಿದಳು, ಮೇಲಿನ ಗಾಳಿಗಿಂಡಿಗೆ ತನ್ನ ಎರಡು ಸೀರೆ ತುರುಕಿದಳು, ಬಾಗಿಲಡಿಗೆ ಒದ್ದೆ ಟವೆಲ್ ಇಟ್ಟಳು. ಬೆಳಕಿಗೆ ಬರುತ್ತವೆಂದು ದೀಪವನ್ನೂ ಹಾಕಲಿಲ್ಲ. ಒಳಗೆ ಬಂದಿದ್ದ ಮೂರು ಜೇನುನೊಣಗಳನ್ನು ಹಾಜರಿ ಪುಸ್ತಕದಿಂದ ಹೊಡೆದು ಕೊಂದಳು. ಕಿಟಕಿಯ ಗಾಜಿಗೆ ಹೊರಗಿನಿಂದ ಅವು ಬಂದು ಬಡಿಯುತ್ತಿದ್ದವು, ಹಿಡಿ ಹಿಡಿ ಮೆಂತೆ ಎರಚಿದ ಹಾಗೆ. "ಅಣ್ಣಾ!" ಎಂದು ಬಚ್ಚಲ ಕಡೆಯ ಗೋಡೆಗೆ ಬಾಯಿ ಹಚ್ಚಿ ಕೂಗಿದಳು. "ಆನು ಬಚ್ಚಲಲ್ಲಿ ಇದ್ದೆ, ನಿಂಗ ಹೊರಗೆ ಬರಡಿ!" ಎಂಬ ದನಿ ಬಂತು. ಆಮೇಲೆ ಕೆಮ್ಮು. ಬಚ್ಚಲ ಬಾಗಿಲು ಹಳೆಯ ಹಲಗೆಯದು, ಕೆಳಗೆ ಗೇಣು ಸಂದಿಯಿತ್ತು.

ದೊಡ್ಡಮ್ಮ ಆಂಬುಲೆನ್ಸಿಗೆ ಫೋನ್ ಮಾಡಿದಳು, ಆಮೇಲೆ ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ನಾಗವೇಣಿಗೆ ಫೋನ್ ಮಾಡಿದಳು. "ಟೀಚರ್, ದಮ್ಮಯ್ಯ, ಬಾಗ್ಲು ತೆಗೀಬೇಡಿ ಮಾರಾಯ್ರೆ! ಬೀದಿ ತುಂಬ ಅವೇ. ಆಂಬುಲೆನ್ಸು ಮೂಲೆಲಿ ನಿಂತದೆ, ಇಳಿಯೂಕೆ ಆಗ್ತಾ ಇಲ್ಲ. ಕತ್ತಲಾದ್ಮೇಲೆ ತಣ್ಣಗಾಗ್ತವಂತೆ," ಎಂದು ಅವಳು ಅಳುತ್ತಿದ್ದದ್ದು ನನಗೂ ಕೇಳಿಸಿತು. ಪರಿಚಯದ ಡಾಕ್ಟರರಿಗೆ ಫೋನ್ ಹಚ್ಚಿದಾಗ ಅವರು, ಅಣ್ಣನನ್ನು ಹೇಗಾದರೂ ಎಚ್ಚರವಾಗಿಡಿ, ಕಣ್ಣು ಮುಚ್ಚಲು ಬಿಡಬೇಡಿ ಎಂದರು. ಮಾವನ ಫೋನು ಜಗಲಿಯಲ್ಲಿ ಬಿದ್ದಿತ್ತು. ಇದಕ್ಕೆಲ್ಲ ಮೊದಲೇ, ಮೂರೂವರೆಗೆ, ಅದು ಹೊಡೆದುಕೊಳ್ಳತೊಡಗಿತ್ತು. ಅಮ್ಮ. ಅದು ತಾನಾಗಿಯೇ ನಿಲ್ಲುವವರೆಗೆ ನಾವಿಬ್ಬರೂ ಕೇಳುತ್ತ ಕೂತಿದ್ದೆವು.

ಆ ಕೋಣೆಯಲ್ಲಿ ದೊಡ್ಡಮ್ಮನ ಗಿಟಾರು ಇತ್ತು. ಅವಳು ಅದನ್ನು ಕೈಗೆತ್ತಿಕೊಂಡಾಗ ನನಗೆ ಸಿಟ್ಟು ಬಂತು, ಇದು ನುಡಿಸುವ ಹೊತ್ತೇ ಎಂದು. ಅವಳು ಗೋಡೆಗೆ ಒತ್ತಿ ಕೂತಳು. "ಅಣ್ಣಾ, ಮಾತಾಡಡ. ಬಾಯಿ ಮುಚ್ಚಿಗ್ಯ. ಹಂಡೆ ಬಡಿ. ಎಡಗೈ ನಿಂದು," ಎಂದು ಕೂಗಿ, ಎಂದಿನ ಆ ತುಣುಕನ್ನು ಉಗುರು ಮುರಿಯುವಷ್ಟು ಜೋರಾಗಿ ಶುರು ಮಾಡಿದಳು. ಎರಡು ಸಾಲು ಖಾಲಿ ಹೋಯಿತು. ಮೂರನೆಯದಕ್ಕೆ ಬಚ್ಚಲಿನಿಂದ ಢಣ್ ಎಂದಿತು. ತಾಮ್ರದ ಹಂಡೆಗೆ ತಂಬಿಗೆ ಬಡಿದ ಸದ್ದು. ಮತ್ತೆ ಢಣ್, ಢಣ್. ಕೆಳಗಿನ ಸಾಲು ಸ್ವರವಿಲ್ಲದೆ ಬರೀ ಪೆಟ್ಟಾಗಿ ಬರುತ್ತಿತ್ತು. ಆ ಸಂಗೀತದ ಎಲ್ಲ ತಿರುವುಗಳೂ ನನಗೆ ಗೊತ್ತಿದ್ದವು. ಬಲಗೈ ಸುಮ್ಮನಾಗಿ ಎಡಗೈ ಒಂದೇ ನಡೆಯುವ ಜಾಗವೊಂದಿತ್ತು, ಅಲ್ಲಿ ನಾನು ದೊಡ್ಡಮ್ಮನ ಸೀರೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದೆ. ನಾಲ್ಕು ಪೆಟ್ಟು ಬರಬೇಕು. ಬಂದವು.

ಎಷ್ಟು ಸಲ ಮುಗಿಸಿ ಮತ್ತೆ ಮೊದಲಿನಿಂದ ಹಿಡಿದಳೋ ತಿಳಿಯದು. ಸೆಕೆಗೆ ಗೋಡೆ ಬೆವರಿತ್ತು, ಅವಳ ಬೆರಳ ತುದಿ ಒಡೆದು ತಂತಿ ಕೆಂಪಾಗಿತ್ತು. ನಾಲ್ಕೂವರೆಯ ಹೊತ್ತಿಗೆ ಹಂಡೆಯ ಪೆಟ್ಟು ತಡವಾಗತೊಡಗಿತು. "ದೊಡ್ಡಮ್ಮ, ಮಾವ ತಪ್ಪಿದ," ಎಂದೆ. "ತಪ್ಪಿದ್ನಿಲ್ಲೆ. ಆನೇ ಬೇಗ ಹೋದೆ," ಎಂದಳು. ಅಷ್ಟು ವರ್ಷ ತಾಳದಲ್ಲಿ ಒಂದು ಮಾತ್ರೆಯನ್ನೂ ಬಿಟ್ಟುಕೊಡದವಳು ತನ್ನ ಕೈಯನ್ನು ನಿಧಾನ ಮಾಡಿದಳು. ಅವರು ಇನ್ನೂ ನಿಧಾನವಾದರು, ಅವಳು ಇನ್ನೂ ತಡೆದಳು. ಒಂದೊಂದು ಸ್ವರ ಮೀಟಿ, ಅದು ಸಾಯುವವರೆಗೆ ಕಾದು, ಹಂಡೆ ಸದ್ದು ಮಾಡಿದ ಮೇಲೆಯೇ ಮುಂದಿನದು. ಅಷ್ಟು ನಿಧಾನಕ್ಕೆ ಅದು ಸಂಗೀತವೇ ಆಗಿರಲಿಲ್ಲ. ಆದರೆ ಇಬ್ಬರಲ್ಲಿ ಯಾರೂ ಹಿಂದೆ ಬೀಳಲಿಲ್ಲ. ಐದು ಗಂಟೆ ದಾಟಿತ್ತು, ಎಡಗೈ ಒಂದೇ ನಡೆಯುವ ಜಾಗ ಬಂತು. ಎರಡು ಪೆಟ್ಟು ಬಂದವು. ದೊಡ್ಡಮ್ಮ ಮೂರನೆಯದಕ್ಕೆ ಕಾದಳು. ಗಾಜಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಅವಳು ಬೆರಳನ್ನು ತಂತಿಯ ಮೇಲೆಯೇ ಇಟ್ಟುಕೊಂಡು, ಕತ್ತಲಾಗುವವರೆಗೆ ಹಾಗೆಯೇ ಕೂತಿದ್ದಳು.

ಕತ್ತಲಾದ ಮೇಲೆ ಓಣಿಯವರು ಒದ್ದೆ ಗೋಣಿಚೀಲ ಹೊದ್ದು ಬಂದು ಮಾವನನ್ನು ಎತ್ತಿಕೊಂಡು ಹೋದರು. ಮುಖ ಗುರುತು ಸಿಗುತ್ತಿರಲಿಲ್ಲ, ಉಸಿರಿತ್ತು. ತಂಬಿಗೆಯನ್ನು ಕೈಯಿಂದ ಬಿಡಿಸಲು ಇಬ್ಬರು ಬೇಕಾದರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೂತ್ರಪಿಂಡ ನಿಂತುಹೋಗಿ, ಮತ್ತೆ ನಡೆದು, ಮೂರು ವಾರದ ಮೇಲೆ ಮನೆಗೆ ಬಂದರು. ನಾನು ಅವರ ಎದುರು ನಿಂತು ಬಾಗಿಲಿನ ಮಾತು ತೆಗೆಯಲು ಹೋಗಿ ಅತ್ತುಬಿಟ್ಟೆ. "ಮಳ್ಳು ಕೂಸೆ, ನೀ ಹಾಕದ್ದೆ ಇದ್ದಿದ್ರೆ ಮೂರೂ ಜನಕ್ಕೂ ಆ ಆಸ್ಪತ್ರೆ ಗಂಜಿಯೇ ಗತಿ ಆಗಿತ್ತು. ದೊಡ್ಡಮ್ಮಂಗೆ ಉಪ್ಪು ಸಾಲ್ತಿತ್ತಿಲ್ಲೆ," ಎಂದರು. ನಕ್ಕೆ. ಎಷ್ಟು ಹೆಜ್ಜೆ ಇತ್ತೆಂದು ಕೇಳಲಿಲ್ಲ. ಅವರು ತೀರಿಕೊಂಡು ಈಗ ಐದು ವರ್ಷ, ಮರುವರ್ಷ ದೊಡ್ಡಮ್ಮನೂ ಹೋದಳು. ಕೇಳುವವರಿದ್ದಾಗ ಕೇಳಬೇಕಿತ್ತು.

ಆಗ, ಮಾವ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ರಾತ್ರಿ ಯಾರಿಗೂ ನಿದ್ದೆಯಿಲ್ಲ. ಮಾವ ಎದ್ದು ಕಿಟಕಿಗಳ ಕೊಂಡಿ ನೋಡುತ್ತಿದ್ದರು, ಆ ಸಪ್ಪಳಕ್ಕೆ ನಾನು ಎದ್ದು ಕೂರುತ್ತಿದ್ದೆ, ದೊಡ್ಡಮ್ಮ ಮೊದಲೇ ಎದ್ದಿರುತ್ತಿದ್ದಳು. ಒಂದು ಸಂಜೆ ಇಬ್ಬರೂ ಮತ್ತೆ ಕುರ್ಚಿ ಹಾಕಿಕೊಂಡು ಕೂತರು. ಮಾವ ದಪ್ಪ ತಂತಿಯನ್ನು ಮೀಟಿದರು. ಅದು ಗುಂಯ್ ಎಂದಿತು. ಅವರು ಗಿಟಾರನ್ನು ಮಡಿಲಿನಿಂದ ತಳ್ಳಿ ಎದ್ದು, ತೆರೆದೇ ಇರದ ಕಿಟಕಿಯನ್ನು ಮುಚ್ಚಲು ಹೋದರು. ಮರುದಿನ ಪ್ರಯತ್ನಿಸಿದರು, ಅದೇ ಆಯಿತು. ದೊಡ್ಡಮ್ಮ ತನ್ನ ಗಿಟಾರಿನ ದಪ್ಪ ತಂತಿ ಮೀಟಿದರೂ ಮಾವ ಬೆವರುತ್ತಿದ್ದರು. ಗೋಡೆಯ ಮೇಲೆ ತೂಗುಹಾಕಿದ ಗಿಟಾರು ಯಾರೂ ಮುಟ್ಟದಿದ್ದರೂ ಲಾರಿ ಹೋದರೆ ಸಣ್ಣಗೆ ಮಿಡಿಯುತ್ತಿತ್ತು, ಅದಕ್ಕೂ ಅವರು ಬೆಚ್ಚುತ್ತಿದ್ದರು.

ಒಂದು ಬುಧವಾರ ಶಾಲೆಯಿಂದ ಬಂದವಳೇ ದೊಡ್ಡಮ್ಮ ಎರಡೂ ಗಿಟಾರುಗಳನ್ನು ಚಾಪೆಯ ಮೇಲೆ ಮಲಗಿಸಿದಳು. ದಪ್ಪ ತಂತಿಗಳನ್ನು ಒಂದೊಂದಾಗಿ ಸಡಿಲಿಸಿ ಬಿಚ್ಚಿದಳು, ತನ್ನದರಿಂದ ಮೂರು, ಅಣ್ಣನದರಿಂದ ಮೂರು. ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಮುಂದೆ ಎಂತ ನುಡಿಸ್ತೆ ನೀನು?" ಎಂದು ಕೇಳಿದರು. "ಎಂತ ಇಲ್ಲೆ. ಉಂಡ್ಕಂಡು ಮಲಗನ," ಎಂದು ಅವಳು ಆರು ತಂತಿಯನ್ನೂ ಸುರುಳಿ ಸುತ್ತಿ ಬಿಸ್ಕೀಟಿನ ಡಬ್ಬಿಗೆ ಹಾಕಿದಳು. ಮಾವ ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ಒತ್ತಿ ನೋಡಿದರು.

ಮರುದಿನ ನನಗೆ ಎಚ್ಚರವಾದಾಗ ಹೆಂಚಿನ ಕಿಂಡಿಯ ಬಿಸಿಲು ಆಗಲೇ ನೆಲಕ್ಕಿಳಿದಿತ್ತು. ಹಾಲಿನವನು ಕೂಗಿ ಹೋಗಿರಬೇಕು. ಆಚೆ ಕೋಣೆಯಿಂದ ಮಾವನ ಗೊರಕೆ ಬರುತ್ತಿತ್ತು, ಪಕ್ಕದಲ್ಲಿ ದೊಡ್ಡಮ್ಮ ಬಾಯಿ ಸ್ವಲ್ಪ ತೆರೆದು, ಚಿಕ್ಕ ಹುಡುಗಿಯ ಹಾಗೆ ಮಲಗಿದ್ದಳು. ಶಾಲೆಯ ಮೊದಲ ಗಂಟೆ ಹೊಡೆದದ್ದು ಕೇಳಿಸಿತು, ಸ್ವಲ್ಪ ಹೊತ್ತಿಗೆ ಎರಡನೆಯದೂ. ಒಂಬತ್ತನೇ ಇಯತ್ತೆಯ ಮಕ್ಕಳು ಗಣಿತದ ಟೀಚರಿಗೆ ಕಾಯುತ್ತಿರುತ್ತಾರೆಂದು ನನಗೆ ಗೊತ್ತಿತ್ತು. ನಾನು ಅವಳನ್ನು ಎಬ್ಬಿಸಲಿಲ್ಲ.