ತೌನೋ ತನ್ನ ಕಾರನ್ನು ಹೊಗಳಿದ್ದು

ಹಾಲಿನ ಟ್ಯಾಂಕರ್ ಓಡಿಸುವವನು ಅವಸರ ಮಾಡುವಂತಿಲ್ಲ, ಹಾಲು ತುಳುಕುತ್ತದೆ. ನಮ್ಮೂರು ಕೌಹಾಯೋಕಿಯ ದಾರಿಗಳಲ್ಲಿ ಆಯುಷ್ಯವೆಲ್ಲ ಹಾಗೆ ನಿಧಾನವಾಗಿ ಟ್ಯಾಂಕರ್ ಓಡಿಸಿ ಸವೆಸಿದ ನೆರೆಮನೆಯ ತೌನೋ, ಮನೆಗೆ ಬಂದರೆ ಒಂದು ಕಡೆ ಕೂರುತ್ತಿರಲಿಲ್ಲ. ಹಬೆಸ್ನಾನದ ಸೌನಾ ಕೋಣೆಯ ಬೆಂಚಿನ ಮೇಲೂ ಅವನ ಬಲಗಾಲು ಇಲ್ಲದ ಆಕ್ಸಿಲರೇಟರನ್ನು ತುಳಿಯುತ್ತಿತ್ತು.

ಅವನ ಜೀವವೆಲ್ಲ ಹಳೆಯ ಕೊಟ್ಟಿಗೆಯಲ್ಲಿದ್ದ ಅರವತ್ತೆಂಟನೇ ಇಸವಿಯ ರ‍್ಯಾಲಿ ಕಾರಿನಲ್ಲಿತ್ತು. ಅದರ ಜೋಡಿ ಕಾರ್ಬ್ಯುರೇಟರುಗಳನ್ನು ಎಷ್ಟು ಸಲ ಬಿಚ್ಚಿದ್ದನೋ, ಅಷ್ಟು ಸಲ ಹೆಂಡತಿ ಸಿರ್ಕಾ ಬಡಿಸಿದ ಊಟ ತಣ್ಣಗಾಗಿತ್ತು. ಭಾನುವಾರ ಅದನ್ನು ಜಲ್ಲಿ ಟ್ರ್ಯಾಕಿನ ಪಂದ್ಯಕ್ಕೆ ಒಯ್ಯುತ್ತಿದ್ದ. ಆ ಪಂದ್ಯಕ್ಕೊಂದು ನಿಯಮ: ಓಡಿದ ಕಾರನ್ನು ಯಾರು ಬೇಕಾದರೂ ನಿಗದಿಯಾದ ಅಗ್ಗದ ಬೆಲೆಗೆ ಕೇಳಬಹುದು. ಕೊಡುವುದಿಲ್ಲವೆಂದರೆ ಓಡಿಸುವ ಲೈಸೆನ್ಸೇ ಹೋಗುತ್ತದೆ. ದುಡ್ಡು ಸುರಿದವನೇ ಗೆಲ್ಲುವಂತಾಗಬಾರದೆಂದು ಹಿರಿಯರು ಮಾಡಿದ್ದು.

ಹಾಗಾಗಿ ತೌನೋ ಎಂಜಿನ್ನನ್ನು ಮದುಮಗಳಂತೆ ಸಿಂಗರಿಸಿ, ಮೈಯನ್ನು ಭಿಕಾರಿಯಂತೆ ಬಿಟ್ಟಿದ್ದ. ಬಾಗಿಲಿಗೆ ಹಗ್ಗ, ನೀಲಿ ಹೊಗೆ ಬರಲೆಂದು ಸೈಲೆನ್ಸರಿಗೆ ಒಂದಿಷ್ಟು ಎಣ್ಣೆ. ಗೆಲ್ಲುವ ಹೊತ್ತಿಗೆ ಕಾಲು ಹಿಂತೆಗೆದು ನಾಲ್ಕನೆಯವನಾಗುತ್ತಿದ್ದ. ಆ ಕಾಲು ಎಷ್ಟು ದಿನ ತಾಳೀತು?

ಕಳೆದ ಜೂನಿನಲ್ಲಿ ತಾಳಲಿಲ್ಲ. ಕಡೆಯ ತಿರುವಿನಲ್ಲಿ ಗೊಬ್ಬರದಂಗಡಿಯ ರೈಮೋ ತನ್ನ ಕಾರಿನಲ್ಲಿ ಪಕ್ಕಕ್ಕೆ ಬಂದು ಕೈಬೀಸಿ ನಕ್ಕನಂತೆ. ತೌನೋ ತುಳಿದ, ಮೊದಲಿಗನಾದ. ಇಳಿದಾಗ ಮುಖ ಬಿಳಿಚಿಕೊಂಡಿತ್ತು. ಕೊಳ್ಳುವವರು ಚೀಟಿ ಹಾಕುವ ಡಬ್ಬಿಯನ್ನು ಬೆಕ್ಕಿನಂತೆ ಸುತ್ತಿದ. ಚೀಟಿ ಹಾಕುವ ಹೊತ್ತು ಮುಗಿಯುತ್ತ ಬಂದರೂ ಒಂದೂ ಬೀಳಲಿಲ್ಲ.

ನೆಮ್ಮದಿಯಾಗಬೇಕಿತ್ತು. ಚಡಪಡಿಕೆ ಇಮ್ಮಡಿಯಾಯಿತು. ಸಾಸೇಜ್ ತಿನ್ನುತ್ತಿದ್ದ ರೈಮೋನನ್ನೇ ಹೋಗಿ ಕೇಳಿದ, ಯಾರೂ ಯಾಕೆ ಕೇಳಲಿಲ್ಲ ಎಂದು.

"ಆ ಹೊಗೆ ನೋಡಿದ್ರೆ ಇನ್ನೊಂದು ಸುತ್ತಿಗೆ ಎಂಜಿನ್ ಢಮಾರ್. ಏನೋ ನಿನ್ನ ಅದೃಷ್ಟ, ಗೆದ್ದೆ ಕಣಯ್ಯ."

ಅದೃಷ್ಟ ಎಂಬ ಮಾತು ತೌನೋನಿಗೆ ಮುಳ್ಳಿನಂತೆ ನಾಟಿತು. ಪಕ್ಕದಲ್ಲಿದ್ದ ನಾನು ಅವನ ತೋಳು ಹಿಡಿದೆಳೆದೆ, ಕೊಡವಿಕೊಂಡ. ಬಾನೆಟ್ ಎತ್ತಿದ. ಹೊಗೆಯ ಗುಟ್ಟು ಒಡೆದ. ವಾಲ್ವುಗಳನ್ನು ಕೈಯಿಂದ ಉಜ್ಜಿ ನುಣುಪು ಮಾಡಿದ ಚಳಿಗಾಲಗಳನ್ನೆಲ್ಲ ನೆರೆದವರಿಗೆ ವರ್ಣಿಸಿದ. ಅವನು ಅಷ್ಟು ಮಾತಾಡಿದ್ದನ್ನು ನಮ್ಮೂರು ಕೇಳಿರಲಿಲ್ಲ. ಮುಗಿಸುವಷ್ಟರಲ್ಲಿ ರೈಮೋ ಕೈ ಒರೆಸಿಕೊಂಡು ಚೀಟಿ ಹಾಕಿ ಬಂದಿದ್ದ.

ಮುಂದಿನ ಪಂದ್ಯದಲ್ಲಿ ರೈಮೋ ಆ ಕಾರನ್ನು ಓಡಿಸಿ ಮುಗಿಸುತ್ತಲೇ, ಹಿಂದಕ್ಕೆ ಕೊಳ್ಳಲು ತೌನೋ ಚೀಟಿ ಹಿಡಿದು ಓಡಿದ. ಡಬ್ಬಿಯ ಮುಂದೆ ಅರ್ಧ ಊರೇ ಸಾಲುಗಟ್ಟಿತ್ತು. ಹಲವರು ಕೇಳಿದರೆ ಒಂದು ಚೀಟಿ ಎತ್ತುವುದು ಪದ್ಧತಿ. ಎತ್ತಿದರು. ಬೇರೆ ಹೆಸರು ಬಂತು.

"ಇನ್ನೂ ಸ್ವಲ್ಪ ಹೊಗಳಬೇಕಿತ್ತು," ಎಂದಳು ಸಿರ್ಕಾ, ಥರ್ಮಸ್ಸಿನಿಂದ ಕಾಫಿ ಬಗ್ಗಿಸುತ್ತ.

ತೌನೋ ಕಾಫಿ ಮುಟ್ಟಲಿಲ್ಲ. ಹೊಸ ಮಾಲೀಕ ಕಾರು ಹೊರಡಿಸಿದ. ಎರಡನೇ ಗೇರು ಕರ್ರೆಂದಿತು. "ಕ್ಲಚ್ ಪೂರ್ತಿ ಒತ್ತಪ್ಪಾ," ಎನ್ನುತ್ತ ತೌನೋ ಅದರ ಹಿಂದೆಯೇ ಓಡಿದ.